ಹಿಪ್ಪುನೇರಳೆ ಮರ ನೆಟ್ಟವರು ಯಾರು?

ಸಾಗರ

ಪ್ರೀತಿಯ ಮಗೂ,

ಮೊದಲಿಗೇ ಒಂದು ಮಾತು. ಈ ಕಾಗದವನ್ನು ಅಮ್ಮನಿಂದ ಓದಿಸಿಕೊಳ್ಳಬೇಡ. ನೀನು ಕನ್ನಡವನ್ನು ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದುತ್ತೀಯೆಂದು ಅವಳೇ ಬರೆದಿದ್ದಾಳೆ. ಹಾಗೆಯೇ ಓದು, ಎರಡು ದಿನ ಹಿಡಿದರೂ ಚಿಂತೆಯಿಲ್ಲ. ನನ್ನ ಕೈಬರಹ ನಿನಗೆ ದಕ್ಕಲಾರದೆಂದು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಕುಟ್ಟುತ್ತಿದ್ದೇನೆ. ನೀನು ಓದುವ ವೇಗವೂ ನಾನು ಬರೆಯುವ ವೇಗವೂ ಸರಿಸಮ ಇದ್ದೀತು.

ನಿನ್ನ ಕಟ್ಟು ಬಂದು ಒಂದೂವರೆ ತಿಂಗಳಾಯಿತು. ನಿನ್ನ ಅಪ್ಪನ ಗ್ರೀಕ್ ಮನೆತನದ ಕಥೆ, ಇಂಗ್ಲಿಷಿನ 312 ಪುಟ, ಜೊತೆಗೆ ಅಮ್ಮ ಕನ್ನಡಕ್ಕೆ ತಂದ ಮೊದಲ ಒಂಬತ್ತು ಅಧ್ಯಾಯ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿನ್ನ ಪತ್ರವನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. ಮೆಲ್ಬರ್ನ್‌ನ ಓಕ್‌ಲಿಯಲ್ಲಿರುವ ನಿನ್ನ ಅತ್ತೆಯ ಮನೆಯಲ್ಲಿ ಹಡಗಿನ ಅಧ್ಯಾಯವನ್ನು ಗಟ್ಟಿಯಾಗಿ ಓದಿದಾಗ ಕೂತಿದ್ದವರೆಲ್ಲ ಅತ್ತರು, ಎಂಬತ್ತು ದಾಟಿದ ಒಬ್ಬ ಮುದುಕಿ ನಿನ್ನ ಕೈಗೆ ಮುತ್ತಿಟ್ಟಳು. ಅದೇ ಪುಸ್ತಕವನ್ನು ಇಬ್ಬರು ಪ್ರಕಾಶಕರು ‘ಚೆನ್ನಾಗಿದೆ, ಆದರೆ’ ಎಂದು ಹಿಂದಕ್ಕೆ ಕಳಿಸಿದರು. ಯಾರನ್ನು ನಂಬಲಿ, ಇಲ್ಲ ಎಲ್ಲವನ್ನೂ ಒಲೆಗೆ ಹಾಕಲೇ ಎಂದು ಕೇಳಿದ್ದೀಯ. ಒಲೆಯ ಮಾತು ಬಿಡು. ನಿನ್ನ ಕಾಲದವರು ಏನನ್ನೂ ಒಲೆಗೆ ಹಾಕಲಾರರು, ಇನ್ನೊಂದು ಪ್ರತಿ ಎಲ್ಲೋ ಇದ್ದೇ ಇರುತ್ತದೆ. ಪ್ರಕಾಶಕರ ಸಮಾಚಾರ ನನಗೆ ತಿಳಿಯದು. ಅತ್ತವರ ಬಗ್ಗೆ ಮಾತ್ರ ನನಗೆ ಅನುಭವವಿದೆ, ಅದನ್ನೇ ಬರೆಯುತ್ತೇನೆ.

ಏಜೆಂಟ್ ಬೇಕೇ, 90 ಸಾವಿರ ಪದ ಹೆಚ್ಚಾಯಿತೇ, ಅಧ್ಯಾಯಗಳನ್ನು ಹಿಂದುಮುಂದು ಮಾಡಲೇ ಎಂದು ಒಂದು ಹಾಳೆ ತುಂಬ ಪ್ರಶ್ನೆ ಬರೆದಿದ್ದೀಯ. ಅವಕ್ಕೆ ಉತ್ತರ ಹೇಳುವವರು ನಿನ್ನೂರಿನಲ್ಲೇ ಬೇಕಾದಷ್ಟು ಮಂದಿ ಸಿಗುತ್ತಾರೆ. ನನ್ನ ಮೊದಲ ಪುಸ್ತಕ ಅಚ್ಚಿಗೆ ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಮುಖಪುಟಕ್ಕೆ ಅಡಿಕೆ ಮರದ ಚಿತ್ರ ಹಾಕದೆ ಇರಲು ಆದೀತೇ ಎಂದು. ಹಾಕಿದರು.

ಆ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆಯಲ್ಲೇ ‘ಮಣ್ಣಿನ ವಾಸನೆ’ ಎಂಬ ಮಾತಿತ್ತು. ಆಮೇಲೆ ಬಂದ ಹನ್ನೊಂದರಲ್ಲೂ ಇತ್ತು. ಬರೆದವರಲ್ಲಿ ಯಾರೂ ಮಳೆಗಾಲದಲ್ಲಿ ತೋಟಕ್ಕೆ ಇಳಿದವರಲ್ಲ. ಇಳಿದಿದ್ದರೆ ಅಲ್ಲಿ ಮೊದಲು ಮೂಗಿಗೆ ಬಡಿಯುವುದು ಕೊಳೆತ ಸೊಪ್ಪಿನ ನಾತವೆಂದು ಗೊತ್ತಿರುತ್ತಿತ್ತು. ನಲವತ್ತು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ನಿನಗೆ ‘ಆಲಿವ್ ಎಣ್ಣೆಯ ಪರಿಮಳ’ ಎಂಬ ಮಾತು ಬರಲಿದೆ, ಸಿದ್ಧಳಾಗಿರು. ಅದಕ್ಕೆ ನೀನೂ ಧಾರಾಳವಾಗಿ ಅವಕಾಶ ಮಾಡಿಕೊಟ್ಟಿದ್ದೀಯ. ನಿನ್ನ ಪುಸ್ತಕದಲ್ಲಿ ಜನ 26 ಸಲ ಊಟಕ್ಕೆ ಕೂರುತ್ತಾರೆ, ಎಣಿಸಿದ್ದೇನೆ. ಇಷ್ಟು ಉಣ್ಣುವ ಸಂಸಾರಕ್ಕೆ ಜಗಳವಾಡಲು ಪುರುಸೊತ್ತು ಯಾವಾಗ?

ಒಂದನ್ನು ಮಾತ್ರ ಬಿಡಬೇಡ. ಬ್ರನ್ಸ್‌ವಿಕ್‌ನ ರೈಲು ಹಳಿಯ ಪಕ್ಕ ನಿನ್ನ ಯಾಯಾ, ಅಂದರೆ ಅಪ್ಪನ ಅಮ್ಮ, ಚಾಕು, ಪ್ಲಾಸ್ಟಿಕ್ ಚೀಲ ಹಿಡಿದು ಬಗ್ಗಿಕೊಂಡು ವ್ಲೀತಾ ಕೀಳುತ್ತಾಳಲ್ಲ, ಆ ಪುಟ. ಆ ವ್ಲೀತಾ ನಮ್ಮ ಕೀರೆ, ಹರಿವೆಯ ಜಾತಿಯ ಸೊಪ್ಪು. ಅವರು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿಕೊಳ್ಳುತ್ತಾರೆ, ನಾವು ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತೇವೆ. ಅಮ್ಮ ಆ ಅಡುಗೆಮನೆಯಲ್ಲಿ ಚೀಲ ಬಿಚ್ಚಿ ನೋಡಿ ‘ಹರಿವೆ’ ಎಂದಳು, ಯಾಯಾ ತಿರುಗಿ ನೋಡಿದಳು. ಅಷ್ಟಕ್ಕೇ ನಿಲ್ಲಿಸಿದ್ದೀಯ. ಅಲ್ಲಿ ನೀನು ಬರಹಗಾರ್ತಿ.

ಹನ್ನೊಂದನೆಯ ಅಧ್ಯಾಯದಲ್ಲಿ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್, ಅದರಲ್ಲಿ ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನ, ಅದರಲ್ಲಿ ಕನ್ನಡದ ಮಾತುಗಳು! ಗ್ರೀಸ್ ಎಂದೊಡನೆ ಕನ್ನಡಿಗರೆಲ್ಲ ಹಿಗ್ಗಿಕೊಂಡು ಹೇಳುವ ಕಥೆ ಇದು, ನೀನೂ ಅಮ್ಮನಿಂದ ಕೇಳಿರುತ್ತೀಯ. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅವನ್ನು ಕನ್ನಡವೆಂದೇ ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಕನ್ನಡವೇ ಎಂದಿಟ್ಟುಕೊಂಡರೂ ಆ ನಾಟಕದಲ್ಲಿ ನಡೆಯುವುದೇನು? ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಹುಡುಗಿಯನ್ನು ಬಿಡಿಸಿಕೊಳ್ಳಲು ಬಂದ ಗ್ರೀಕರು ಇಲ್ಲಿಯ ರಾಜನಿಗೆ ಕಂಠಪೂರ್ತಿ ಕುಡಿಸಿ ಹಡಗು ಹತ್ತಿ ಪರಾರಿಯಾಗುತ್ತಾರೆ. ಇದರಲ್ಲಿ ನಾವು ಎದೆಯುಬ್ಬಿಸುವಂಥದ್ದು ನನಗಂತೂ ಕಾಣುವುದಿಲ್ಲ. ನಿನ್ನ ಅಪ್ಪ ಅಮ್ಮ ಮದುವೆಯಾಗಲು ಹದಿನೆಂಟು ಶತಮಾನದ ಶಿಫಾರಸು ಏಕೆ ಬೇಕು? ಕಿತ್ತುಹಾಕು.

ಹಡಗಿನ ಬಗ್ಗೆಯೂ ಒಂದು ಮಾತು. ಯಾಯಾ 1961ರಲ್ಲಿ ಗ್ರೀಸ್‌ನ ಪಿರೇಯಸ್ ಬಂದರಿನಿಂದ ಹತ್ತಿದ ಹಡಗಿನ ಹೆಸರು ‘ಪತ್ರೀಸ್’, ಅಂದರೆ ಸ್ವದೇಶ. ಸ್ವದೇಶ ಬಿಡಿಸಿ ಕರೆದೊಯ್ಯುವ ಹಡಗಿಗೆ ಸ್ವದೇಶವೆಂಬ ಹೆಸರು. ಇದು ನಿಜವಾದ ಹಡಗು, ನಿಜವಾದ ಹೆಸರು, ಸಾವಿರಾರು ಮಂದಿಯನ್ನು ಮೆಲ್ಬರ್ನ್‌ನ ಸ್ಟೇಷನ್ ಪಿಯರ್‌ಗೆ ತಂದು ಇಳಿಸಿದೆ. ನೀನು ಅದರ ಮೇಲೆ ಎರಡೂವರೆ ಪುಟ ಚಿಂತನೆ ಮಾಡಿದ್ದೀಯ. ಹೆಸರನ್ನು ಸುಮ್ಮನೆ ಬರೆದು ಮುಂದೆ ಹೋಗು. ಓದುಗರು ದಡ್ಡರಲ್ಲ, ನಿನ್ನ ಅತ್ತೆಯ ಮನೆಯಲ್ಲಿ ಅತ್ತವರಂತೂ ಅಲ್ಲವೇ ಅಲ್ಲ.

ಅಮ್ಮನ ಅನುವಾದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಕ್ಸೆನಿತ್ಯಾ’ ಎಂಬ ಗ್ರೀಕ್ ಪದ. ಮೂರು ಕಡೆ ಮೂರು ಪದ ಹಾಕಿದ್ದಾಳೆ: ಪರದೇಶ, ವಲಸೆ, ಹೊರನಾಡು. ಯಾವುದೂ ಕೂರುವುದಿಲ್ಲವೆಂದು ಅವಳಿಗೂ ಗೊತ್ತಿದೆ. ಗ್ರೀಸ್‌ನ ಹಳ್ಳಿಗಳಲ್ಲಿ ದೂರದೇಶಕ್ಕೆ ಹೊರಟ ಮಗನ ಮೇಲೆ ಹಾಡುತ್ತಿದ್ದ ಹಾಡಿಗೂ ಸತ್ತವರ ಮೇಲೆ ಹಾಡುತ್ತಿದ್ದ ಹಾಡಿಗೂ ಅಂಥ ವ್ಯತ್ಯಾಸವಿರಲಿಲ್ಲ. ನಮ್ಮಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಎಂದು ಯಾರೂ ತಿಳಿಯುವುದಿಲ್ಲ, ದಿಕ್ಕಿಲ್ಲದವನು ಎಂದು ತಿಳಿಯುತ್ತಾರೆ. ತಾಯಿ ಸತ್ತ ಮಗುವನ್ನು, ಅದು ಹುಟ್ಟಿದ ಮನೆಯ ಅಂಗಳದಲ್ಲೇ ನಿಂತಿದ್ದರೂ, ಪರದೇಶಿ ಎನ್ನುತ್ತಾರೆ. ಅಮ್ಮನಿಗೆ ಈ ಪದ ಹೊಳೆಯದೆ ಇರಲು ಸಾಧ್ಯವಿಲ್ಲ. ಹೊಳೆದೂ ಹಾಕಿಲ್ಲ. ಇದನ್ನು ನೆನಪಿಟ್ಟುಕೋ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನಾಲ್ಕನೆಯ ಅಧ್ಯಾಯ.

ಈಗ ತುರ್ಕಿಯ ಇಜ್ಮಿರ್ ಎನ್ನುವ ಬಂದರು ಪಟ್ಟಣ ಸ್ಮಿರ್ನಾ ಹೊತ್ತಿಕೊಂಡದ್ದು 1922ರ ಸೆಪ್ಟೆಂಬರ್ 13ರಂದು. ಬಂದರಿನಲ್ಲಿ ಹನ್ನೆರಡು ವರ್ಷದ ನಿನ್ನ ಮುತ್ತಜ್ಜಿ, ಅವಳ ತಾಯಿ. ದುಡಿಯುವ ವಯಸ್ಸಿನ ಗಂಡಸರನ್ನು ತುರ್ಕರು ಒಳನಾಡಿಗೆ ಅಟ್ಟಿದರು, ತಂದೆ ಹಾಗೆ ಹೋದವನು ಬರಲಿಲ್ಲ. ಆಮೇಲೆ ಅಥೆನ್ಸ್‌ನ ನಾಟಕಶಾಲೆ, ಪ್ರೇಕ್ಷಕರು ಕೂರುವ ಒಂದೊಂದು ಬಾಕ್ಸ್‌ನಲ್ಲಿ ಒಂದೊಂದು ಸಂಸಾರ, ಕೆಂಪು ಮಖಮಲ್ಲಿನ ಪರದೆ ಹರಿದು ಹೊಲಿದ ಲಂಗ. ಇದೆಲ್ಲ ಚೆನ್ನಾಗಿದೆ. ಆದರೆ ನಿನ್ನ ಕಥೆ ಬೆಂಕಿಯ ದಿನವೇ ಶುರುವಾಗುತ್ತದೆ. ಮೂರು ವರ್ಷ ಹಿಂದೆ, 1919ರಲ್ಲಿ, ಗ್ರೀಕ್ ಸೈನ್ಯ ಅದೇ ಬಂದರಿನಲ್ಲಿ ಇಳಿದಿತ್ತು. ಸೋತು ಹಿಮ್ಮೆಟ್ಟುವಾಗ ದಾರಿಯ ಊರುಗಳಿಗೆ ಬೆಂಕಿಯಿಡುತ್ತ ಬಂದಿತ್ತು. ನಿನ್ನ ಮುತ್ತಜ್ಜಿಯ ತಾಯಿಯ ತಮ್ಮ ಆ ಸೈನ್ಯದಲ್ಲಿದ್ದ ಎಂಬುದು ಒಂದೇ ಒಂದು ಸಾಲಿನಲ್ಲಿ, ಅವನ ಮೀಸೆಯ ವರ್ಣನೆಯ ಜೊತೆಗೆ ಬರುತ್ತದೆ. ಮೀಸೆ ಇಟ್ಟುಕೋ. ಅವನು ಎಲ್ಲಿಂದ ನಡೆದು ಬಂದನೆಂಬುದನ್ನೂ ಹೇಳು.

1923ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜನರನ್ನು ಅದಲುಬದಲು ಮಾಡುವ ಒಪ್ಪಂದವಾಯಿತು. ತುರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ, ಗ್ರೀಸ್‌ನ ಮುಸ್ಲಿಮರು ತುರ್ಕಿಗೆ. ಮೊದಲೇ ಓಡಿಬಂದವರನ್ನು ಸೇರಿಸಿ ಆ ಕಡೆಯಿಂದ ಸುಮಾರು 12 ಲಕ್ಷ, ಈ ಕಡೆಯಿಂದ 3.5 ಲಕ್ಷಕ್ಕೂ ಹೆಚ್ಚು. ಆಡುವ ಮಾತು ಯಾವುದೆಂದು ಯಾರೂ ಕೇಳಲಿಲ್ಲ, ಧರ್ಮ ಕೇಳಿದರು. ತುರ್ಕಿ ಭಾಷೆ ಬಿಟ್ಟು ಬೇರೆ ಬಾರದ ಕ್ರೈಸ್ತರು ಗ್ರೀಸ್‌ಗೆ ಬಂದರು, ಗ್ರೀಕ್ ಬಿಟ್ಟು ಬೇರೆ ಬಾರದ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಹೋದರು. ಇದನ್ನೆಲ್ಲ ನೀನು ಓದಿಕೊಂಡಿದ್ದೀಯ, ಹೇಳಿದ್ದೀಯ. 1924ರಲ್ಲಿ ತಾಯಿ ಮಗಳಿಗೆ ಉತ್ತರ ಗ್ರೀಸ್‌ನ ದ್ರಾಮಾ ಸೀಮೆಯ ಹೊಗೆಸೊಪ್ಪಿನ ಹಳ್ಳಿಯಲ್ಲಿ ಒಂದು ಮನೆ ಸಿಕ್ಕಿತು. ಅಲ್ಲಿ ನೀನು ಬರೆಯುತ್ತೀಯ: ‘ನಾವು ಆ ಮನೆಯ ಬಾಗಿಲು ತೆರೆದೆವು. ಅದು ನಮಗಾಗಿ ಖಾಲಿ ಕಾದಿತ್ತು.’

ಮರುಪುಟದಲ್ಲಿ, ಬಂದ ಮೊದಲ ಬೇಸಗೆಯಲ್ಲೇ, ಮುತ್ತಜ್ಜಿ ಅಂಗಳದ ಹಿಪ್ಪುನೇರಳೆ ಮರ ಹತ್ತಿ ಕೂತು ಹಣ್ಣು ತಿಂದು ಲಂಗವೆಲ್ಲ ಕಲೆ ಮಾಡಿಕೊಳ್ಳುತ್ತಾಳೆ. ಹಿಪ್ಪುನೇರಳೆಯನ್ನು ರಾಮನಗರದ ಕಡೆ ರೇಷ್ಮೆಗಾಗಿ ಸೊಂಟದೆತ್ತರಕ್ಕೆ ಕತ್ತರಿಸಿ ಇಟ್ಟದ್ದನ್ನು ಮಾತ್ರ ನೋಡಿದವರಿಗೆ ಅದು ಮರವಾಗುತ್ತದೆಂಬುದೇ ಗೊತ್ತಿರುವುದಿಲ್ಲ. ಆಗುತ್ತದೆ. ಆದರೆ ಹದಿನಾಲ್ಕರ ಹುಡುಗಿ ಹತ್ತಿ ಕೂರುವಷ್ಟು ದಪ್ಪದ ಕೊಂಬೆ ಬರಲು ಎಷ್ಟು ವರ್ಷ ಬೇಕು, ಲೆಕ್ಕ ಹಾಕಿದೆಯಾ? ಆ ಮರ ನೆಟ್ಟವರು ಯಾರು, ಮಗೂ? ಮೊದಲ ಚಳಿಗಾಲದಲ್ಲಿ ಇವರು ಉರಿಸಿದ ಸೌದೆ ಒಟ್ಟಿದ್ದವರು ಯಾರು? ಮನೆ ಕಾಯುವುದಿಲ್ಲ. ಮನೆಯನ್ನು ಯಾರೋ ಬಿಟ್ಟು ಹೋಗಿರುತ್ತಾರೆ, ಬೀಗ ಹಾಕಿಯೋ ಹಾಕದೆಯೋ. ಹಾಗೆ ಬಿಟ್ಟುಹೋದ ಆಸ್ತಿಗೆ ಗ್ರೀಕಿನಲ್ಲಿ ‘ಅಂದಲಾಕ್ಸಿಮಾ’ ಎಂಬ ಪದವೇ ಇದೆ, ಅದಲುಬದಲಿಗೆ ಸಿಕ್ಕದ್ದು ಎಂದು. ನಿನ್ನ ಪುಸ್ತಕದಲ್ಲಿ ಆ ಪದ ಒಮ್ಮೆಯೂ ಬಂದಿಲ್ಲ. ಸಮುದ್ರದ ಆಚೆ ನಿನ್ನ ಮುತ್ತಜ್ಜಿ ಬಿಟ್ಟುಬಂದ ಮನೆಯೂ ಇಷ್ಟು ಹೊತ್ತಿಗೆ ಇನ್ನಾರದೋ ಮೊಮ್ಮಗಳ ಕಾದಂಬರಿಯಲ್ಲಿ ‘ನಮಗಾಗಿ ಖಾಲಿ ಕಾದಿದ್ದ’ ಮನೆಯಾಗಿರಬಹುದು.

ನಿನಗೆ ಇದನ್ನು ಹೇಳಲು ನನಗೆ ಯಾವ ಯೋಗ್ಯತೆ ಇದೆ ಎಂದು ಕೇಳಿದರೆ ಒಂದೇ ಯೋಗ್ಯತೆ, ನಾನು ಇದೇ ಕೆಲಸ ಮಾಡಿದ್ದೇನೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನನಗಾಗ ಹದಿನೈದು. ಶರಾವತಿಯ ನೀರು ಏರುವ ಮೊದಲು ನಮ್ಮ ಊರು ಖಾಲಿಯಾಯಿತು. ಮುಳುಗಡೆ ಎಂದರೆ ಇಲ್ಲಿ ಈಗಲೂ ಯಾವ ಮುಳುಗಡೆ ಎಂದು ಯಾರೂ ಕೇಳುವುದಿಲ್ಲ. ಬೇಸಗೆ ಬಿರುಸಾಗಿ ನೀರು ಕೆಳಗಿಳಿದ ವರ್ಷ ನಮ್ಮ ಮನೆಯ ಮೆಟ್ಟಿಲು ಎರಡು ಮೇಲೆದ್ದು ಕಾಣುತ್ತವೆ. ಆ ಮನೆ, ತೋಟ, ಹೊರಟ ದಿನ, ಎಲ್ಲ ಸೇರಿಸಿ ಕಾದಂಬರಿ ಬರೆದೆ. ಜನ ಅತ್ತರು. ಊರು ಬಿಟ್ಟವರೆಲ್ಲ ಸೇರಿ ಒಂದು ಸಭಾಭವನದಲ್ಲಿ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ, ‘ನಮ್ಮೆಲ್ಲರ ದುಃಖಕ್ಕೆ ದನಿಯಾದವರು’ ಎಂಬ ಬಿನ್ನವತ್ತಳೆ. ಕೊನೆಯ ಅಧ್ಯಾಯದಲ್ಲಿ ಲಾರಿಗೆ ಸಾಮಾನು ತುಂಬುವ ಪುಟ ಇದೆ. ಬಚ್ಚಲಮನೆಯ ತಾಮ್ರದ ಹಂಡೆ ಎಲ್ಲಕ್ಕಿಂತ ಕೊನೆಗೆ ಹೊರಬರುತ್ತದೆ. ನಾಲ್ಕು ತಲೆಮಾರು ಸ್ನಾನ ಮಾಡಿದ ಹಂಡೆ. ‘ನಾವು ಹಂಡೆಯನ್ನು ಲಾರಿಗೆ ಏರಿಸಿದೆವು’ ಎಂದು ಬರೆದಿದ್ದೆ. ಅಧ್ಯಕ್ಷರು ಆ ಪುಟವನ್ನೇ ಓದಿದರು, ಓದುತ್ತ ಅವರ ಗಂಟಲೂ ಕಟ್ಟಿತು.

ಕಾರ್ಯಕ್ರಮ ಮುಗಿದ ಮೇಲೆ, ಜನ ಊಟದ ಪಂಕ್ತಿಗೆ ಹೋಗುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಎದ್ದು ಬಂದರು. ನಮ್ಮ ತೋಟದ ಅಂಚಿನಲ್ಲಿ ಅವರ ಬಿಡಾರವಿತ್ತು. ಅಪ್ಪನ ಕಾಲದಿಂದ ನಮ್ಮ ತೋಟದ ಕೆಲಸ ಅವರದೇ. ಬಿಡಾರದ ಜಾಗಕ್ಕೆ ಕಾಗದಪತ್ರ ಇರಲಿಲ್ಲ. ನಮಗೆ ಪರಿಹಾರ ಬಂತು, ಅವರಿಗೆ ಬರಲಿಲ್ಲ. ಅವರು ಕೈಮುಗಿದು, ‘ಹಂಡೆ ಬಹಳ ಭಾರ ಇತ್ತು, ಅಮ್ಮಾ’ ಎಂದರು.

ಅಷ್ಟೇ ಮಾತು. ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ, ನೆನಪಿಸಿಕೊಂಡವರ ಹಾಗೆ ಹೇಳಿದರು. ಆ ದಿನ ಹಂಡೆ ಎತ್ತಿದ್ದು ಅವರು ಮತ್ತು ಅವರ ಹೆಂಡತಿ. ನಾನು ಲಾರಿಯ ಮುಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದೆ. ‘ಏರಿಸಿದರು’ ಎಂದು ಬರೆಯಬೇಕಾದ ಕಡೆ ‘ಏರಿಸಿದೆವು’ ಎಂದು ಬರೆದಿದ್ದೆ. ಕನ್ನಡದಲ್ಲಿ ಇದಕ್ಕೆ ಬೇಕಾದದ್ದು ಕ್ರಿಯಾಪದದ ತುದಿಯಲ್ಲಿ ಒಂದು ಚೂರು ವ್ಯತ್ಯಾಸ. ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಿರಲಿಲ್ಲ, ಇನ್ನೂ ಹೇಳಬೇಕೆಂದರೆ ಎಲ್ಲರನ್ನೂ ಸೇರಿಸಿಕೊಂಡು ಬರೆಯುತ್ತಿದ್ದೇನೆ ಎಂಬ ಔದಾರ್ಯದ ಭಾವನೆ ಇತ್ತು. ನಾನು ಅವರಿಗೆ ಕೊಟ್ಟ ಉತ್ತರ ಏನು ಗೊತ್ತೇ? ‘ಊಟ ಮಾಡಿಕೊಂಡೇ ಹೋಗಬೇಕು’ ಎಂದೆ. ಎರಡನೆಯ ಮುದ್ರಣದಲ್ಲಿ ತಿದ್ದಬಹುದಿತ್ತು. ಮೂರನೆಯದರಲ್ಲೂ ತಿದ್ದಲಿಲ್ಲ. ಆ ಪುಟ ಅಷ್ಟು ಹೆಸರು ಮಾಡಿಬಿಟ್ಟಿತ್ತು.

ಆದ್ದರಿಂದ ಅತ್ತವರ ವಿಷಯದಲ್ಲಿ ನಾನು ಸ್ವಲ್ಪ ಒರಟು. ಅವರ ಕಣ್ಣೀರು ಸುಳ್ಳೆಂದು ಹೇಳುತ್ತಿಲ್ಲ. ಅವರು ಅಳುವುದು ‘ನಾವು’ ಎಂಬ ಪದಕ್ಕೆ, ಅದರೊಳಗೆ ಯಾರು ಇದ್ದಾರೆ ಯಾರು ಇಲ್ಲ ಎಂದು ಆ ಹೊತ್ತಿನಲ್ಲಿ ಯಾರೂ ಎಣಿಸುವುದಿಲ್ಲ. ಎಣಿಸುವ ಕೆಲಸ ಬರೆಯುವವಳದು. ನಿನ್ನ 312 ಪುಟದಲ್ಲಿ ‘ನಾವು’ ಇರುವ ಕಡೆಯೆಲ್ಲ ಪೆನ್ಸಿಲಿನಿಂದ ಗೀಟು ಹಾಕುತ್ತ ಹೋಗು, ಒಂದೊಂದು ಗೀಟಿನ ಮುಂದೆ ಹೆಸರುಗಳನ್ನು ಬರೆ. ನೂರಾ ಇಪ್ಪತ್ತನೆಯ ಪುಟದ ಹೊತ್ತಿಗೆ ನನಗೆ ಬೈಯುತ್ತೀಯ. ಬೈದುಕೊಂಡೇ ಮುಂದುವರಿಸು.

ಮೆಲ್ಬರ್ನ್‌ಗೆ ಬಂದ ಮೇಲಂತೂ ನಿನ್ನ ‘ನಾವು’ ಊದಿಕೊಂಡುಬಿಡುತ್ತದೆ. ‘ನಾವೆಲ್ಲ ಬರಿಗೈಯಲ್ಲಿ ಬಂದವರು’ ಎಂದು ಯಾಯಾಳನ್ನೂ ಅಮ್ಮನನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದ್ದೀಯ. ಆಸ್ಟ್ರೇಲಿಯಾ 1952ರಲ್ಲೇ ಗ್ರೀಸ್‌ನೊಂದಿಗೆ ಒಪ್ಪಂದ ಮಾಡಿಕೊಂಡು ಪ್ರಯಾಣಕ್ಕೆ ನೆರವು ಕೊಟ್ಟು ಜನರನ್ನು ಕರೆಸಿಕೊಂಡಿತು. ಯಾಯಾ ಫೋಟೊದಲ್ಲಿ ಮಾತ್ರ ನೋಡಿದ್ದ ಗಂಡನನ್ನು ಹುಡುಕುತ್ತ ಬಂದರಿನಲ್ಲಿ ಇಳಿದ 1961ರಲ್ಲಿ ನಿನ್ನ ಅಮ್ಮನ ಬಣ್ಣದವರಿಗೆ ಆ ದೇಶದ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಬಿಳಿಯರ ಆಸ್ಟ್ರೇಲಿಯಾ ಎಂಬ ನೀತಿ 1966ರಲ್ಲಿ ಸಡಿಲವಾಗಿ, ಪೂರ್ತಿ ಹೋದದ್ದು 1973ರಲ್ಲಿ. ನಿನ್ನ ಅಪ್ಪನನ್ನು ಶಾಲೆಯಲ್ಲಿ ಹುಡುಗರು ‘ವಾಗ್’ ಎಂದು, ವಲಸೆ ಬಂದವರಿಗೆ ಅಲ್ಲಿ ಬೈಯುವ ಮಾತಿನಿಂದ, ಹೀಯಾಳಿಸಿದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀಯ. ಆ ಮಾತು ತಿಂದ ಮನೆಗೇ ಇಪ್ಪತ್ತು ವರ್ಷದ ಮೇಲೆ ಸಾಗರದ ಹುಡುಗಿಯೊಬ್ಬಳು ಬಂದಾಗ ಆ ಮನೆ ಏನೆಂದಿತು?

ಒಂಬತ್ತನೆಯ ಅಧ್ಯಾಯಕ್ಕೆ ಬಂದೆ. ಈ ಕಾಗದವನ್ನು ನೀನೇ ಓದಬೇಕೆಂದದ್ದು ಇದಕ್ಕೆ.

ಹೆಸರಿಡುವ ಪದ್ಧತಿಯ ಮೇಲೆ ನಿನ್ನ ಪುಸ್ತಕದಲ್ಲಿ ಮೂರು ಪುಟ ಇವೆ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ನಮ್ಮಲ್ಲೂ ಹಾಗೆಯೇ, ಆದ್ದರಿಂದ ಆ ಪುಟಗಳನ್ನು ಅಮ್ಮ ಖುಷಿಯಿಂದ ಅನುವಾದಿಸಿದ್ದು ತಿಳಿಯುತ್ತದೆ. ಆ ರೂಢಿಯ ಪ್ರಕಾರ ನಿನಗೆ ಯಾಯಾಳ ಹೆಸರು ಬರಬೇಕಿತ್ತು. ನಿನಗಿರುವುದು ಅಚ್ಚ ಕನ್ನಡದ ಹೆಸರು. ಏಕೆ? ಮೂರು ಪುಟದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಅವರಲ್ಲಿ ಹೆಸರು ಬೀಳುವುದು ದೀಕ್ಷಾಸ್ನಾನದಲ್ಲಿ. ಅಮ್ಮ ದೀಕ್ಷಾಸ್ನಾನ ಪಡೆಯದೆ ಆರ್ಥೊಡಾಕ್ಸ್ ಚರ್ಚಿನಲ್ಲಿ ಮದುವೆ ಆಗುವಂತಿರಲಿಲ್ಲ. ಅವಳು ಪಡೆಯಲಿಲ್ಲ. ಆದ್ದರಿಂದ 1993ರಲ್ಲಿ ಕಚೇರಿಯಲ್ಲಿ ಸಹಿ, ಆಮೇಲೆ ಹಿತ್ತಲಿನ ನಿಂಬೆ ಗಿಡದ ಕೆಳಗೆ ಹಾರ. ಗ್ರೀಸ್‌ನಲ್ಲಿ ಚರ್ಚು ಬಿಟ್ಟು ಕಚೇರಿಯಲ್ಲಿ ಆಗುವ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದೇ 1982ರಲ್ಲಿ, ಯಾಯಾ ಊರು ಬಿಟ್ಟು ಇಪ್ಪತ್ತೊಂದು ವರ್ಷವಾದ ಮೇಲೆ. ಅವಳು ತಂದ ಲೋಕದಲ್ಲಿ ಅದು ಮದುವೆಯೇ ಅಲ್ಲ.

ಇಂಗ್ಲಿಷಿನ 187ನೆಯ ಪುಟದಲ್ಲಿ ನೀನು ಬರೆದಿದ್ದೀಯ, ಮೊದಲ ಸಾಲಿನ ಕುರ್ಚಿಯಲ್ಲಿ ಯಾಯಾ ಕೂತಿದ್ದಳು, ನಾವೆಲ್ಲ ಒಂದಾದೆವೆಂಬ ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು ಎಂದು.

ಅಮ್ಮನ ಕನ್ನಡದಲ್ಲಿ ಆ ವಾಕ್ಯವಿಲ್ಲ.

ಮೂರು ಸಲ ನೋಡಿದೆ. ಹಿಂದಿನ ವಾಕ್ಯ ಇದೆ, ಮುಂದಿನ ವಾಕ್ಯ ಇದೆ. ಕುರ್ಚಿಗಳನ್ನು ಬಾಡಿಗೆಗೆ ತಂದದ್ದಿದೆ, ಒಂದರ ಕಾಲು ಗಿಡ್ಡವಿದ್ದು ಅಡಿಗೆ ಇಟ್ಟಿಗೆಯ ಚೂರು ಕೊಟ್ಟದ್ದೂ ಇದೆ. ಅವಳು ನನ್ನ ತರಗತಿಯಲ್ಲಿ ಮೂರು ವರ್ಷ ಕೂತವಳು. ಟಿಪ್ಪಣಿ ಬರೆದುಕೊಳ್ಳುವಾಗ ನಾನು ಕೆಮ್ಮಿದ್ದನ್ನೂ ಬಿಡುತ್ತಿರಲಿಲ್ಲ. ಒಂಬತ್ತು ಅಧ್ಯಾಯದಲ್ಲಿ ಬಿಟ್ಟದ್ದು ಇದೊಂದೇ ವಾಕ್ಯ, ಕೈತಪ್ಪಿ ಬಿಟ್ಟಳೆಂದು ನಾನು ನಂಬುವುದಿಲ್ಲ. ನೀನು ಬರೆದದ್ದನ್ನು ಅಳಿಸುವ ಹಕ್ಕು ತನಗಿಲ್ಲ ಎಂದು ಸುಮ್ಮನಿದ್ದಾಳೆ, ತನ್ನ ಭಾಷೆಯಲ್ಲಿ ತನ್ನ ಕೈಯಿಂದ ಅದನ್ನು ಬರೆಯಲು ಆಗಿಲ್ಲ. ಅನುವಾದ ಅಲ್ಲಿಗೇ ನಿಂತಿದೆ, ಹತ್ತನೆಯ ಅಧ್ಯಾಯ ಬಂದಿಲ್ಲ. ಪರದೇಶಿ ಎಂಬ ಪದ ಅವಳಿಗೇಕೆ ಹೊಳೆಯಲಿಲ್ಲ ಎಂದು ಈಗ ನಾನು ಕೇಳುವುದಿಲ್ಲ.

ನಿನಗೆ ಆ ದೃಶ್ಯವನ್ನು ಹೇಳಿದವರು ಯಾರು? ನೀನಾಗ ಹುಟ್ಟಿರಲಿಲ್ಲ. ಅತ್ತೆಯೇ? ಆ ದಿನದ ಫೋಟೊಗಳು ನಿನ್ನ ಬಳಿ ಇವೆಯೆಂದು ಬರೆದಿದ್ದೀಯ, ತೆಗೆದು ಮೊದಲ ಸಾಲನ್ನು ನೋಡು. ಯಾಯಾ ಇದ್ದರೆ ಈ ಮುದುಕಿಗೆ ಅರಳುಮರಳು ಎಂದು ನಕ್ಕುಬಿಡು.

ಈ ಕಡೆಯ ಸಾಲಿನಲ್ಲಿ ಯಾರಿದ್ದರೆಂದು ಮಾತ್ರ ನನಗೆ ಖಚಿತವಾಗಿ ಗೊತ್ತು. ಯಾರೂ ಇರಲಿಲ್ಲ. ನಿನ್ನ ಪುಸ್ತಕದಲ್ಲಿ ‘ಟಿಕೆಟ್ಟಿಗೆ ಹಣ ಹೊಂದದೆ ಸಾಗರದ ಅಜ್ಜ ಬರಲಾಗಲಿಲ್ಲ’ ಎಂದಿದೆ. ನಿನ್ನ ಅಜ್ಜನಿಗೆ ಆ ವರ್ಷ ಅಡಿಕೆಯಲ್ಲಿ ಬಂದ ಹಣದಲ್ಲಿ ನಮ್ಮ ಬೀದಿಯವರೆಲ್ಲ ಹೋಗಿಬರಬಹುದಿತ್ತು. ಮಗಳ ಮಾತೆತ್ತಿದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಅವಳು ನನಗೂ ಒಂದು ಕಾಗದ ಬರೆದಿದ್ದಳು, ಮದುವೆಗೆ ಮೊದಲು, ನಾಲ್ಕು ಹಾಳೆ. ತನ್ನ ಮೇಡಂ ಆದರೂ ಒಂದು ಒಳ್ಳೆಯ ಮಾತು ಬರೆದಾರು ಎಂದಿರಬೇಕು. ಕಥೆ, ಕಾದಂಬರಿಗಳಲ್ಲಿ ಅಂಥ ಮದುವೆಗಳನ್ನು ಎಷ್ಟೋ ಮಾಡಿಸಿದ್ದ ನಾನು ಅವಳ ಅಪ್ಪನ ಮುಖ ನೋಡಿಕೊಂಡು ಉತ್ತರ ಬರೆಯಲು ಎಂಟು ತಿಂಗಳು ತೆಗೆದುಕೊಂಡೆ. ಇದನ್ನು ನಿನ್ನ ಪುಸ್ತಕದಲ್ಲಿ ಹಾಕಿಕೊಳ್ಳಬೇಕೆಂದರೆ ಹಾಕಿಕೋ, ನನ್ನ ಅಭ್ಯಂತರವಿಲ್ಲ.

ಆಮೇಲೆ ನಿನ್ನ ಕೊನೆಯ ಅಧ್ಯಾಯ. ಯಾಯಾ ತೀರಿಕೊಂಡು ನಲವತ್ತನೆಯ ದಿನಕ್ಕೆ ಕೊಲಿವಾ, ಸತ್ತವರ ನೆನಪಿಗೆ ಮಾಡುವ ಗೋಧಿಯ ತಿನಿಸು, ಮಾಡಬೇಕು. ಅವಳ ಹೆಣ್ಣುಮಕ್ಕಳಿಬ್ಬರೂ ಅಂಗಡಿಯಿಂದ ತರಿಸೋಣ ಎನ್ನುತ್ತಾರೆ. ಅಮ್ಮ ಮಾತಾಡದೆ ಗೋಧಿ ನೆನೆಹಾಕುತ್ತಾಳೆ. ಬೇಯಿಸಿ, ಬಸಿದು, ಅಡುಗೆಮನೆಯ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಹರಡುತ್ತಾಳೆ. ತೇವ ಉಳಿದರೆ ಮೇಲೆ ಹಾಕುವ ಸಕ್ಕರೆ ಕರಗಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ನೀನು ನೀರಿಗೆಂದು ಎದ್ದು ಬಂದಾಗ ಅವಳು ದೀಪ ಹಾಕದೆ, ಅಂಗೈಯಿಂದ ಗೋಧಿಯನ್ನು ಒಂದೇ ಸಮನೆ ಸವರುತ್ತ ಕೂತಿದ್ದಾಳೆ. ದಾಳಿಂಬೆ ಬಿಡಿಸಿಟ್ಟ ಬಟ್ಟಲು ಪಕ್ಕದಲ್ಲಿದೆ. ನೀನು ಏನೂ ಕೇಳದೆ ಮಲಗಲು ಹೋಗುತ್ತೀಯ.

ಆ ಎರಡು ಪುಟಗಳಲ್ಲಿ ‘ನಾವು’ ಎಂಬ ಪದ ಒಂದು ಸಲವೂ ಬಂದಿಲ್ಲ, ನೋಡಿದೆಯಾ? ಅವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲ ಸಾಲಿನಲ್ಲಿ ಕೂತು ಸಂತೋಷದಿಂದ ಅತ್ತ ಅತ್ತೆಗಾಗಿ ಸೊಸೆ ಗೋಧಿ ಒಣಗಿಸುವುದು ಒಂದು, ಆ ಕುರ್ಚಿಯನ್ನು ಖಾಲಿ ಬಿಟ್ಟವಳಿಗಾಗಿ ಒಣಗಿಸುವುದು ಇನ್ನೊಂದು. ಎರಡನೆಯದನ್ನೇ ನಿನ್ನ ಕೈ ಬರೆದಿದೆ, ನಿನಗೆ ಗೊತ್ತಿಲ್ಲದೆ. ಅಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡ. ಮುಟ್ಟಬೇಕಾದದ್ದು ಅದಕ್ಕಿಂತ ಹಿಂದಿನದು.

ಅಮ್ಮನನ್ನು ಫೋನಿನಲ್ಲಿ ಕೇಳಬೇಡ. ಭಾನುವಾರ ಅವಳ ಮನೆಗೆ ಹೋಗುತ್ತೀಯಲ್ಲ, ಸೊಪ್ಪೋ ಕಾಳೋ ಬಿಡಿಸುವಾಗ ಪಕ್ಕದಲ್ಲಿ ಕೂತುಕೋ. ಉತ್ತರ ಬರದೆ ಇದ್ದರೆ ಅಂದು ಅಲ್ಲಿಗೇ ಬಿಡು, ಇನ್ನೊಂದು ಭಾನುವಾರ ಇದ್ದೇ ಇದೆ.

ನನ್ನ ಕಣ್ಣಿಗೆ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು. ಅದಕ್ಕೆ ಮೊದಲು ತಿದ್ದಿದ ಪ್ರತಿ ಕಳಿಸುತ್ತೇನೆ ಎಂದು ಅವಸರ ಮಾಡಿಕೊಳ್ಳಬೇಡ. ಹತ್ತನೆಯ ಅಧ್ಯಾಯವನ್ನು ಅವಳು ಕನ್ನಡಕ್ಕೆ ಎತ್ತಿಕೊಂಡಳೇ ಎಂದು ಮಾತ್ರ ಒಂದು ಸಾಲು ತಿಳಿಸು.

ಆಶೀರ್ವಾದಗಳು.

ನಿನ್ನ ಅಮ್ಮನ ಮೇಡಂ